ಬೇಕೇ ಬೇಕು, ಆದ್ರೆ ನಮ್ಮನೆ ಮುಂದೆ ಬೇಡ

ನಾನು ಯಲಹಂಕದ ಒಂದು ಕೇಬಲ್ ಚಾನೆಲ್‌ನಲ್ಲಿ ವರದಿಗಾರ್ತಿಯಾಗಿದ್ದೆ. ವರದಿಗಾರ್ತಿ ಅಂದ ಕೂಡಲೇ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ವಿಧಾನಸೌಧದ ಮೆಟ್ಟಿಲು, ಮಂತ್ರಿಗಳ ಕಾರು, ಕಿವಿಯಲ್ಲಿ ಹೇಳುವ ಗುಟ್ಟಿನ ಸುದ್ದಿ. ನನಗೆ ಅದ್ಯಾವುದೂ ಗೊತ್ತಿಲ್ಲ. ನಾನು ಮಾಡಿದ್ದು ಒಂದೇ ಕೆಲಸ. ರಸ್ತೆಯಲ್ಲಿ ಹೋಗುವವರನ್ನು ನಿಲ್ಲಿಸಿ, ಬಾಯಿಯ ಹತ್ತಿರ ಮೈಕ್ ಹಿಡಿದು, ‘ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?’ ಅಂತ ಕೇಳುವುದು. ನಮ್ಮವರು ಇದಕ್ಕೆ ಬೈಟ್ ತಗೊಳ್ಳೋದು ಅಂತಾರೆ. ಹೆಬ್ಬಾಳದ ಫ್ಲೈಓವರ್ ಕೆಳಗೆ, ಯಶವಂತಪುರದ ಮಾರ್ಕೆಟ್ ಬಾಗಿಲಲ್ಲಿ, ಆರ್.ಟಿ. ನಗರದ ಬಸ್ ಸ್ಟಾಪುಗಳಲ್ಲಿ ನಿಂತು ಇಡೀ ಉತ್ತರ ಬೆಂಗಳೂರಿನ ಅಭಿಪ್ರಾಯ ಕೇಳಿದ್ದೇನೆ. ನನ್ನ ಅಭಿಪ್ರಾಯವನ್ನು ಮನೆಯಲ್ಲೂ ಯಾರೂ ಕೇಳಿದವರಿಲ್ಲ.

ಈಗ ನಮ್ಮ ಬೀದಿಯ ಹುಡುಗಿಯೊಬ್ಬಳು ಇದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು, “ಆಂಟಿ, ಎಕ್ಸ್‌ಪೀರಿಯೆನ್ಸ್ ಏನಾದ್ರೂ ಹೇಳಿ” ಅಂದಳು. ಕೂತು ಹೇಳೋಣ ಅಂದರೆ ಅವಳಿಗೆ ಮತ್ತೊಂದು ಶೂಟ್ ಇತ್ತು, ಓಡಿದಳು. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮ ಚಾನೆಲ್‌ನ ಮಾಲೀಕರು ಗೋವಿಂದಪ್ಪನವರು. ಯಲಹಂಕದ ಹಳೇ ಊರಿನವರು. ಮೊದಲು ಏಣಿ ಹೆಗಲ ಮೇಲೆ ಹಾಕಿಕೊಂಡು ಮನೆಮನೆಗೆ ಕೇಬಲ್ ಎಳೆದವರು. ಆಮೇಲೆ, “ವೈರ್ ನಮ್ದೇ ಇದೆ, ಒಳಗೆ ಓಡೋ ಸುದ್ದಿನೂ ನಮ್ದೇ ಆಗ್ಲಿ” ಅಂತ ಚಾನೆಲ್ ಶುರು ಮಾಡಿದರು. ಅವರೇ ಮಾಲೀಕರು, ಅವರೇ ಸಂಪಾದಕರು, ಕರೆಂಟ್ ಹೋದರೆ ಓಡಿಹೋಗಿ ಜನರೇಟರ್ ಹಾಕುವವರೂ ಅವರೇ. ನನ್ನ ಜೊತೆಗೆ ಕ್ಯಾಮೆರಾಮನ್ ಶಿವು. ನನಗಿಂತ ಸ್ವಲ್ಪ ಚಿಕ್ಕವನು, ಮಾತು ಬಲು ಕಡಿಮೆ. ಅವನ ಮುಖ ನೋಡಿದರೆ ನಗು ತಡೆಯುತ್ತಿದ್ದಾನೋ ಹೊಟ್ಟೆನೋವು ತಡೆಯುತ್ತಿದ್ದಾನೋ ಕೊನೆಯವರೆಗೂ ನನಗೆ ಗೊತ್ತಾಗಲಿಲ್ಲ.

ನನ್ನ ಮೊದಲ ಬೈಟು ಒಂದು ಟೀ ಅಂಗಡಿಯ ಮುಂದೆ. ಮೋರಿ ಕಟ್ಟಿಕೊಂಡು ರಸ್ತೆಯೆಲ್ಲ ನಾರುತ್ತಿತ್ತು. ಅಲ್ಲಿ ನಿಂತಿದ್ದ ನಾಲ್ಕೈದು ಗಂಡಸರು ವಾರ್ಡಿನ ಕಾರ್ಪೊರೇಟರನ್ನು ಬಯ್ಯುತ್ತಿದ್ದರು. ಎಂಥಾ ಬೈಗುಳ ಅಂದರೆ, ನಾನು ಒಳಗೊಳಗೇ ಖುಷಿಪಟ್ಟು, ಮೊದಲ ದಿನವೇ ಹಬ್ಬ ಅಂದುಕೊಂಡು ಮೈಕ್ ಮುಂದೆ ಹಿಡಿದೆ. ಅವರಲ್ಲಿ ಅತಿ ಜೋರಾಗಿ ಬಯ್ಯುತ್ತಿದ್ದವರು ಗಂಟಲು ಸರಿಮಾಡಿಕೊಂಡು, ಕಾಲರ್ ಎಳೆದುಕೊಂಡು, “ನಮ್ಮ ಕಾರ್ಪೊರೇಟರ್ ಸಾಹೇಬ್ರು ದೇವರಂಥ ಮನುಷ್ಯರು. ಹಗಲೂ ರಾತ್ರಿ ಜನಸೇವೆ ಮಾಡ್ತಾವ್ರೆ” ಅಂದರು. ಉಳಿದವರು ತಲೆ ಆಡಿಸಿದರು. ಶಿವು ಕ್ಯಾಮೆರಾ ಇಳಿಸಿದ. ಬೈಗುಳ ನಿಂತ ಜಾಗದಿಂದಲೇ ಮತ್ತೆ ಶುರುವಾಯಿತು.

“ಮತ್ತೆ ಈಗ ಹಾಗಂದ್ರಲ್ಲ?” ಅಂತ ಕೇಳಿದೆ.

ಅವರು ಕಣ್ಣಲ್ಲೇ ಅಂಗಡಿಯ ಒಳಗೆ ತೋರಿಸಿದರು. ಅಲ್ಲೊಬ್ಬ ತಲೆ ತಗ್ಗಿಸಿಕೊಂಡು ಬನ್ ತಿನ್ನುತ್ತಿದ್ದ. “ಅವ್ನು ಸಾಹೇಬ್ರ ಭಾಮೈದ ಕಣಮ್ಮ. ನೀನು ನಾಳೆ ಬೇರೆ ಏರಿಯಾಗೆ ಹೋಗ್ತೀಯ, ನಾವು ಇಲ್ಲೇ ಇರ್ಬೇಕಲ್ಲ.”

ಅಂದಿನಿಂದ ನಾನು ಮೈಕನ್ನು ಮೊದಲು ಎತ್ತುವುದನ್ನು ಬಿಟ್ಟೆ. ಮೈಕ್ ಕೆಳಗಿಟ್ಟುಕೊಂಡು, ವಿಳಾಸ ಕೇಳುವವಳಂತೆ ಹೋಗಿ, ಮಕ್ಕಳು ಯಾವ ಸ್ಕೂಲು, ನೀರು ಯಾವಾಗ ಬಿಡ್ತಾರೆ ಅಂತ ಮಾತಿಗೆ ಎಳೆದು, ಅವರು ಬಿಸಿಯಾದ ಮೇಲೆ ನಿಧಾನವಾಗಿ ಮೈಕ್ ಮೇಲೆ ತರುತ್ತಿದ್ದೆ. ಬಯ್ಯಲು ಶುರುಮಾಡಿದವರು ಅರ್ಧದಲ್ಲಿ ಹೊಗಳಲು ಆಗುವುದಿಲ್ಲ. ವೇಗ ಅವರನ್ನು ಎಳೆದುಕೊಂಡು ಹೋಗುತ್ತದೆ.

ಇದಕ್ಕೆ ತದ್ವಿರುದ್ಧ ನಂಜುಂಡಪ್ಪನವರು. ಅವರು ನಿವೃತ್ತ ಬಸ್ ಕಂಡಕ್ಟರ್, ನಮ್ಮ ಆಫೀಸಿನ ರಸ್ತೆಯ ಮೂಲೆ ಮನೆ ಅವರದು. ಬಸ್ಸಿನ ಕೊನೇ ಸೀಟಿಗೆ ಕೇಳಿಸುವಂತೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು. ಅವರಿಗೆ ಮೈಕಿನ ಅಗತ್ಯವೇ ಇರಲಿಲ್ಲ, ಆದರೆ ಮೈಕ್ ಕಂಡರೆ ಬಿಡುತ್ತಿರಲಿಲ್ಲ. ನಾನು ಬ್ಯಾಟರಾಯನಪುರದಲ್ಲಿ ಬೈಟ್ ತಗೊಂಡರೆ ಅಲ್ಲಿರುತ್ತಿದ್ದರು, ಹೆಬ್ಬಾಳಕ್ಕೆ ಹೋದರೆ ನನಗಿಂತ ಮೊದಲೇ ಬಸ್ಸಿಳಿದಿರುತ್ತಿದ್ದರು. ಒಮ್ಮೆ ರಸ್ತೆ ಅಗಲ ಮಾಡಲು ಮರ ಕಡಿಯುವ ವಿಷಯ. ಬೆಳಿಗ್ಗೆ ಕ್ಯಾಮೆರಾ ಮುಂದೆ ನಿಂತು, ರಸ್ತೆ ಅಗಲ ಆಗ್ಲೇಬೇಕು, ಕಡೀರಿ ಅಂದರು. ಮಧ್ಯಾಹ್ನ ಬೇರೆ ಶರ್ಟ್ ಹಾಕಿಕೊಂಡು ಬಂದು, ಒಂದು ರೆಂಬೆ ಮುಟ್ಟಿದ್ರೂ ಬಿಡಲ್ಲ ಅಂದರು.

“ಏನ್ ಸಾರ್, ಬೆಳಿಗ್ಗೆ ಕಡೀರಿ ಅಂದ್ರಲ್ಲ?”

“ಬೆಳಿಗ್ಗೆ ನಿನಗೆ ಆ ಕಡೆಯವರು ಯಾರೂ ಸಿಕ್ಕಿರ್ಲಿಲ್ಲ, ಈಗ ಈ ಕಡೆಯವರು ಸಿಕ್ಕಿಲ್ಲ. ಎರಡೂ ಕಡೆ ಇದ್ರೆ ತಾನೇ ಕಣಮ್ಮ ನಿನ್ನ ಪ್ರೋಗ್ರಾಂಗೆ ಕಳೆ?” ಅಂದರು. ಅವರ ಮುಖದಲ್ಲಿ ಕಪಟ ಇರಲಿಲ್ಲ. ನಿಜವಾಗಿ ನನಗೆ ಸಹಾಯ ಮಾಡಲೆಂದೇ ಮನೆಗೆ ಹೋಗಿ ಶರ್ಟ್ ಬದಲಾಯಿಸಿ ಬಂದಿದ್ದರು.

ಕೆರೆ ದಡದಲ್ಲಿ ವಾಕಿಂಗ್ ಮಾಡುವವರ ಬೈಟ್ ತಗೊಳ್ಳುವುದು ಇನ್ನೊಂದು ಬಗೆಯ ಕಷ್ಟ. ಅಲ್ಲಾಳಸಂದ್ರ ಕೆರೆಯಾಗಲಿ ಪುಟ್ಟೇನಹಳ್ಳಿ ಕೆರೆಯಾಗಲಿ, ಬೆಳಿಗ್ಗೆ ಹೊತ್ತು ಅಲ್ಲಿ ಸಿಗುವವರೆಲ್ಲ ದೇಶ ನಡೆಸಬಲ್ಲವರು. ಕೆರೆಯಲ್ಲಿ ಕಳೆ ಬೆಳೆದಿದೆಯಲ್ಲ ಅಂತ ಕೇಳಿದರೆ ದಿಲ್ಲಿಯಿಂದ ಶುರುಮಾಡುತ್ತಿದ್ದರು. ದಿಲ್ಲಿಯಿಂದ ಅಮೆರಿಕಕ್ಕೆ ಹೋಗಿ, ರಷ್ಯಾ ಮೇಲೆ ಹಾದು ವಾಪಸು ಕೆರೆಗೆ ಬರುವಷ್ಟರಲ್ಲಿ ಶಿವುವಿನ ಬ್ಯಾಟರಿ ಮುಗಿದಿರುತ್ತಿತ್ತು. ಕೆರೆಯ ಕಳೆ ಬಗ್ಗೆ ಕೊನೆಗೆ ಉತ್ತರ ಕೊಟ್ಟವರು ಹಸು ಮೇಯಿಸಲು ಬಂದಿದ್ದ ಒಬ್ಬ ಹಳೇ ಊರಿನ ಯಜಮಾನರು. “ಹಸಾ ತಿನ್ನಲ್ಲ ಇದ್ನ” ಅಂದರು, ಅಷ್ಟೇ.

ನಾನು ಮಾಡಿಕೊಂಡ ಯಡವಟ್ಟುಗಳಲ್ಲಿ ಒಂದನ್ನಂತೂ ಹೇಳಲೇಬೇಕು. ಬೇಸಿಗೆಯ ಒಂದು ದಿನ, ನೀರಿನ ತಾಪತ್ರಯ ಎಲ್ಲೆಲ್ಲೂ. ಖಾಲಿ ಕೊಡ ಇಟ್ಟುಕೊಂಡು ರಸ್ತೆಯಲ್ಲಿ ಕೂರುವ ಪ್ರತಿಭಟನೆ ದಿನಕ್ಕೊಂದು ನಡೆಯುತ್ತಿತ್ತು. ಒಂದು ಅಡ್ಡರಸ್ತೆಯಲ್ಲಿ ಶಾಮಿಯಾನ ಹಾಕಿ, ಹತ್ತಾರು ಜನ ಸಪ್ಪಗೆ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಖಾಲಿ ಕೊಡ, ಖಾಲಿ ಹಂಡೆ. ನಾನು ನೇರವಾಗಿ ಮುಂದಿನ ಸಾಲಿನ ಹಿರಿಯರ ಬಳಿ ಹೋಗಿ, “ನಿಮ್ಮ ಬೇಡಿಕೆ ಏನು ಯಜಮಾನ್ರೇ?” ಅಂತ ಮೈಕ್ ಹಿಡಿದೆ. ಶಿವು ಹಿಂದಿನಿಂದ ನನ್ನ ಬ್ಯಾಗ್ ಎಳೆಯುತ್ತಿದ್ದ. ನಾನು ತಿರುಗಿ ನೋಡಲಿಲ್ಲ.

ಹಿರಿಯರು ನನ್ನ ಮುಖವನ್ನೇ ನೋಡಿ, “ನಮ್ಮಣ್ಣ ತೀರ್ಕೊಂಡ್ಬಿಟ್ರು ಕಣಮ್ಮ” ಅಂದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವರೇ ಮೈಕನ್ನು ತಮ್ಮ ಕಡೆ ಎಳೆದುಕೊಂಡು, “ಆದ್ರೂ ನೀನು ಕೇಳ್ದೆ ಅಂತ ಹೇಳ್ತೀನಿ. ಬೆಳಿಗ್ಗೆಯಿಂದ ಟ್ಯಾಂಕರ್‌ನವ್ರಿಗೆ ಫೋನ್ ಮಾಡ್ತಾ ಇದೀವಿ. ಸ್ನಾನ ಮಾಡ್ಸೋಕೆ ನೀರಿಲ್ಲ. ಬದುಕಿದ್ದಾಗ ನೀರು ಕೊಡ್ಲಿಲ್ಲ, ಈಗ್ಲಾದ್ರೂ ಒಂದು ಹಂಡೆ ಕೊಡಿ” ಅಂದರು. ಆ ಬೈಟ್ ಮಧ್ಯಾಹ್ನದ ಬುಲೆಟಿನ್‌ನಲ್ಲಿ ಹೋಯಿತು. ಟ್ಯಾಂಕರ್ ಬಂತು. ಹನ್ನೊಂದನೇ ದಿನದ ಊಟಕ್ಕೆ ನನ್ನನ್ನೂ ಶಿವುವನ್ನೂ ಕರೆದಿದ್ದರು, ಹೋಗಿದ್ದೆವು.

ಕೆಲಸ ಮಾಡುವ ರೀತಿ ನನ್ನ ಕಣ್ಣೆದುರಿಗೇ ಬದಲಾಯಿತು. ಮೊದಲು ಕ್ಯಾಸೆಟ್ ಇತ್ತು, ಅದನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಆಫೀಸಿಗೆ ಓಡಬೇಕಿತ್ತು. ಆಮೇಲೆ ಕಾರ್ಡ್ ಬಂತು, ಆಮೇಲೆ ಫೋನೇ ಕ್ಯಾಮೆರಾ ಆಯಿತು. ಕೊನೆಕೊನೆಗೆ ನಾನು ಮೈಕ್ ಹಿಡಿದರೆ ಎದುರಿನವರೂ ತಮ್ಮ ಫೋನ್ ಹಿಡಿಯುತ್ತಿದ್ದರು, ಮಾತನ್ನು ನಾನು ತಿರುಚಿದರೆ ಸಾಕ್ಷಿಗೆ ಇರಲಿ ಅಂತ. ಅದು ಒಳ್ಳೆಯದೇ ಅನ್ನಿ. ಬಯ್ಯುವ ವಿಧಾನವೂ ಬದಲಾಯಿತು. ಪಾಲಿಕೆಗೆ ಚುನಾವಣೆಯೇ ನಡೆಯದೆ ಎಷ್ಟೋ ವರ್ಷ ಆದಮೇಲೆ, ವಾರ್ಡಿಗೆ ಕಾರ್ಪೊರೇಟರೇ ಇಲ್ಲ. ಆದರೂ ಜನ ಮಾಜಿಯವರನ್ನೇ ಅಭ್ಯಾಸಬಲದಿಂದ ಬಯ್ಯುತ್ತಿದ್ದರು, ಮಾಜಿಯವರೂ ಅಭ್ಯಾಸಬಲದಿಂದಲೇ ಭರವಸೆ ಕೊಡುತ್ತಿದ್ದರು.

ಆ ಕಾಲದಲ್ಲೇ ನಾನು ಹೇಳಬೇಕೆಂದಿದ್ದ ಮುಖ್ಯ ಸಂಗತಿ ನಡೆದದ್ದು.

ನಮ್ಮ ಆಫೀಸಿನ ರಸ್ತೆಯ ಫುಟ್‌ಪಾತ್ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಹೂವು, ಸೊಪ್ಪು, ತರಕಾರಿ ಮಾರುವ ಹೆಂಗಸರು ಕೂರುತ್ತಿದ್ದರು. ಅವರಲ್ಲಿ ಹೂವಿನ ರತ್ನಮ್ಮ ಹಿರಿಯಳು. ದೇವನಹಳ್ಳಿ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವಳು. ಆಫೀಸಿನಿಂದ ಕೆಳಗಿಳಿದರೆ ಮೊದಲು ಸಿಗುವವಳು ಅವಳೇ ಆದ್ದರಿಂದ, ಯಾವ ವಿಷಯಕ್ಕೂ ಮೊದಲ ಬೈಟು ಅವಳದೇ. ಆದರೆ ಅವಳ ಉತ್ತರ ಮಾತ್ರ ಯಾವಾಗಲೂ ಒಂದೇ.

“ರತ್ನಮ್ಮ, ಬಜೆಟ್ ಬಗ್ಗೆ ಏನಂತೀಯ?”

“ಎಂಗಸ್ರು ಓಗಾಕೆ ಒಂದು ಕಕ್ಕಸ್ಸು ಕಟ್ಸಿ ಅಂತ ಏಳಮ್ಮ.”

“ಮೆಟ್ರೋ ಬರ್ತಾ ಇದೆಯಲ್ಲ, ಖುಷಿನಾ?”

“ಬರ್ಲಿ. ಅದ್ರೊಳ್ಗಾದ್ರೂ ಕಕ್ಕಸ್ಸು ಐತಾ?”

ಲೋಕಸಭೆ ಚುನಾವಣೆ ಬಂದಾಗಲೂ ಅದೇ, ಈರುಳ್ಳಿ ಬೆಲೆ ಏರಿದಾಗಲೂ ಅದೇ. ವಿಷಯಕ್ಕೆ ಸಂಬಂಧ ಇಲ್ಲ ಅಂತ ಗೋವಿಂದಪ್ಪನವರು ಪ್ರತಿ ಸಲ ಆ ತುಣುಕನ್ನು ತೆಗೆಸುತ್ತಿದ್ದರು. “ಆಯಮ್ಮನ್ನ ಯಾಕಮ್ಮ ಕೇಳ್ತೀಯ, ಬೇರೆ ಏನೂ ಬರಲ್ಲ ಆಯಮ್ಮಂಗೆ” ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ರತ್ನಮ್ಮ ಕೆಲವು ದಿನ ಕಾಣಲಿಲ್ಲ. ವಾಪಸು ಬಂದಾಗ ಮುಖ ಇಳಿದುಹೋಗಿತ್ತು. ಏನಾಯ್ತು ಅಂತ ವಿಚಾರಿಸಿದೆ. ಮೂತ್ರದ ಸೋಂಕು ಏರಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. “ಚೆನ್ನಾಗಿ ನೀರು ಕುಡೀಬೇಕು ಅಂದವ್ರೆ ಡಾಕ್ಟ್ರು. ಕುಡುದ್ರೆ ಎಲ್ಲಿಗೆ ಓಗ್ಲಿ? ಅದ್ನ ಅವ್ರು ಏಳ್ಲಿಲ್ಲ” ಅಂದಳು, ಮಲ್ಲಿಗೆ ಕಟ್ಟುತ್ತಲೇ.

ನನಗೆ ಆ ಮಾತು ಚುಚ್ಚಿತು. ಯಾಕೆಂದರೆ ರಸ್ತೆಯಲ್ಲಿ ನಿಂತು ಕೆಲಸ ಮಾಡುವ ನಾನೂ ಅದೇ ರೀತಿ ಬದುಕುತ್ತಿದ್ದೆ. ಬೆಳಿಗ್ಗೆ ಮನೆ ಬಿಟ್ಟರೆ ವಾಪಸು ಬರುವವರೆಗೆ ನೀರು ಕುಡಿಯುತ್ತಿರಲಿಲ್ಲ. ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ, ಯಾವ ಪೆಟ್ರೋಲ್ ಬಂಕಿನಲ್ಲಿ ಬಾಗಿಲಿಗೆ ಚಿಲಕ ಇದೆ ಅನ್ನುವುದು ಹೆಬ್ಬಾಳದಿಂದ ಯಲಹಂಕದವರೆಗೆ ನನಗೆ ಬಾಯಿಪಾಠ. ಶಿವುಗೆ ಆ ಪಾಠದ ಅಗತ್ಯ ಎಂದೂ ಬಿದ್ದಿರಲಿಲ್ಲ. ರತ್ನಮ್ಮನನ್ನು ನಮ್ಮ ಆಫೀಸಿಗೇ ಕರೆದುಕೊಂಡು ಹೋಗತೊಡಗಿದೆ. ಕೆಲವು ದಿನ ನಡೆಯಿತು. ಆಮೇಲೆ ಗೋವಿಂದಪ್ಪನವರು, “ಬಾತ್‌ರೂಮಿಗೆ ಸ್ಟುಡಿಯೋ ಒಳಗಿಂದ್ಲೇ ಹೋಗ್ಬೇಕಲ್ಲಮ್ಮ. ಇವತ್ತು ಒಬ್ರು ಬರ್ತಾರೆ, ನಾಳೆ ಇಡೀ ಫುಟ್‌ಪಾತ್ ಬರುತ್ತೆ” ಅಂದರು. ರತ್ನಮ್ಮನ ಕಿವಿಗೆ ಅದು ಬಿತ್ತು. ಮಾರನೇ ದಿನದಿಂದ ಕರೆದರೂ ಬರಲಿಲ್ಲ.

ಹಾಗಾಗಿ ಈ ಸಲ ವಿಷಯವನ್ನೇ ಅದನ್ನು ಇಟ್ಟುಕೊಂಡೆ. ‘ನಮ್ಮ ರಸ್ತೆಗೆ ಮಹಿಳಾ ಶೌಚಾಲಯ ಬೇಕೇ?’ ಗೋವಿಂದಪ್ಪನವರು ಒಪ್ಪಿದರು. ಒಪ್ಪುವುದೇನು, ಹುರಿದುಂಬಿಸಿದರು. “ಭೇಷ್. ಆಡಳಿತದೋರಿಗೆ ಬಿಸಿ ಮುಟ್ಟಿಸ್ಬೇಕು” ಅಂದು, ಕುಟುಂಬ ಸಮೇತ ಹರಕೆ ತೀರಿಸಲು ತಿರುಪತಿಗೆ ಹೊರಟರು.

ರಸ್ತೆಯ ಈ ತುದಿಯಿಂದ ಬೈಟ್ ಶುರುಮಾಡಿದೆವು. ಮೊದಲು ನಂಜುಂಡಪ್ಪನವರು, ಇಸ್ತ್ರಿ ಶರ್ಟಿನಲ್ಲಿ ಸಿದ್ಧರಾಗಿದ್ದರು. “ಬೇಕೇ ಬೇಕು. ಹೆಣ್ಮಕ್ಕಳ ಕಷ್ಟ ನೋಡೋಕಾಗಲ್ಲ. ಆದ್ರೆ ನಮ್ಮನೆ ಮೂಲೆಮನೆ, ಗಾಳಿ ಜಾಸ್ತಿ. ಅಲ್ಲಿ, ಮೆಡಿಕಲ್ ಸ್ಟೋರ್ ಪಕ್ಕ ಮಾಡ್ಲಿ” ಅಂತ ಕೈ ತೋರಿಸಿದರು.

ಮೆಡಿಕಲ್ ಸ್ಟೋರಿನವರು ಕನ್ನಡಕ ತೆಗೆದು, “ಅತ್ಯಗತ್ಯ ಮೇಡಂ, ಆರೋಗ್ಯದ ಪ್ರಶ್ನೆ. ಆದ್ರೆ ಔಷಧಿ ಪಕ್ಕ ಹೇಗೆ? ಬೇಕರಿ ಹತ್ರ ಜಾಗ ಇದೆ ನೋಡಿ” ಅಂದರು. ಬೇಕರಿಯವರು, “ತಿನ್ನೋ ಪದಾರ್ಥ ಮೇಡಂ” ಅಂತಷ್ಟೇ ಹೇಳಿ ಕಲ್ಯಾಣಮಂಟಪದ ಕಡೆ ತೋರಿಸಿದರು. ಕಲ್ಯಾಣಮಂಟಪದ ಮ್ಯಾನೇಜರು, ಗಂಡಿನ ಕಡೆಯವರು ಬಂದ ತಕ್ಷಣ ಅದೇ ಕಾಣಿಸಿದರೆ ಸಂಬಂಧಾನೇ ಮುರಿಯುತ್ತೆ ಅಂದು ಅಪಾರ್ಟ್‌ಮೆಂಟಿನ ಕಾಂಪೌಂಡ್ ತೋರಿಸಿದರು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಲ್ಯಾಪ್‌ಟಾಪ್ ಬ್ಯಾಗಿನ ಹೆಣ್ಣುಮಗಳು, “ಹಂಡ್ರೆಡ್ ಪರ್ಸೆಂಟ್ ಬೇಕು. ನಾವು ಫುಲ್ ಸಪೋರ್ಟ್ ಮಾಡ್ತೀವಿ. ಬಟ್ ನಮ್ಮ ಗೇಟ್ ಹತ್ರ ಅಂದ್ರೆ ರೆಸಿಡೆಂಟ್ಸ್ ಒಪ್ಪಲ್ಲ. ನಿಮ್ಮ ಚಾನೆಲ್ ಆಫೀಸ್ ಪಕ್ಕನೇ ಖಾಲಿ ಜಾಗ ಇದೆಯಲ್ಲ?” ಅಂತ ನನ್ನ ಹೆಗಲ ಮೇಲಿಂದ ಬೆರಳು ಚಾಚಿದಳು.

ನಾನೂ ಶಿವುವೂ ತಿರುಗಿ ನೋಡಿದೆವು. ನಮ್ಮ ಆಫೀಸಿನ ಗೋಡೆಗೂ ಫುಟ್‌ಪಾತಿಗೂ ನಡುವೆ ಒಂದು ತುಂಡು ಜಾಗ. ಅದು ಸರ್ಕಾರದ್ದು ಅಂತ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ತಗಡಿನ ಚಪ್ಪರ ಹಾಕಿ ಗೋವಿಂದಪ್ಪನವರು ತಮ್ಮ ಜನರೇಟರ್, ಹಳೇ ಡಿಶ್ ಆಂಟೆನಾ, ತಮ್ಮ ಸ್ಕೂಟರು ಇಟ್ಟಿದ್ದರು. ಮುಂದುಗಡೆ ಸಾಲಾಗಿ ಗುಲಾಬಿ ಕುಂಡ.

ಯಾವುದೇ ಸುದ್ದಿಯನ್ನು ಗೋವಿಂದಪ್ಪನವರು ಫೋನಿನಲ್ಲಿ ನೋಡಿ ಒಪ್ಪಿದ ಮೇಲೇ ಬಿಡುವುದು ನಮ್ಮ ಪದ್ಧತಿ. ಅವತ್ತು ಅವರು ಫೋನನ್ನು ಲಾಕರಿನಲ್ಲಿಟ್ಟು ದರ್ಶನದ ಕ್ಯೂನಲ್ಲಿದ್ದರು. ಶಿವು ಎಡಿಟಿಂಗ್‌ಗೆ ಕೂತ. ಮಾತುಗಳನ್ನೆಲ್ಲ ಗಿಡ್ಡ ಮಾಡಿ ಬೆರಳುಗಳನ್ನು ಮಾತ್ರ ಉಳಿಸಿದ. ಒಂದು ಬೆರಳು ತೋರಿಸಿದ ಕಡೆ ಮುಂದಿನ ಮನುಷ್ಯ, ಅವನ ಬೆರಳಿನ ಕಡೆ ಮತ್ತೊಬ್ಬ. ಕೊನೆಗೆ ಗುಲಾಬಿ ಕುಂಡಗಳು, ನಮ್ಮ ಚಾನೆಲ್ಲಿನ ಬೋರ್ಡು.

“ಇದನ್ನ ಹಾಕ್ಬೋದಾ ಶಿವು?” ಅಂದೆ.

“ಬೇರೆ ಏನ್ ಇದೆ ಸುಧಕ್ಕ ಹಾಕೋಕೆ?” ಅಂದ.

ಸಂಜೆ ಬುಲೆಟಿನ್‌ನಲ್ಲಿ ಹೋಯಿತು. ರಾತ್ರಿಯೊಳಗೆ ಅಪಾರ್ಟ್‌ಮೆಂಟಿನವರ ವಾಟ್ಸ್ಆ್ಯಪ್ ಗುಂಪಿನಿಂದ ಹಿಡಿದು ಕೊಡಿಗೇಹಳ್ಳಿ, ಜಕ್ಕೂರಿನವರೆಗೂ ತಿರುಗಾಡಿತು.

ಎರಡು ದಿನ ಬಿಟ್ಟು ಗೋವಿಂದಪ್ಪನವರು ತಲೆ ಬೋಳಿಸಿಕೊಂಡು, ಕೈಯಲ್ಲಿ ಲಡ್ಡು ಚೀಲ ಹಿಡಿದು ಬಂದರು. ದಾರಿಯಲ್ಲಿ ಫೋನಿನ ಚಾರ್ಜ್ ಮುಗಿದಿತ್ತು, ಅವರಿಗೆ ಏನೂ ಗೊತ್ತಿಲ್ಲ. ರಸ್ತೆಯ ಆ ತುದಿಯಿಂದ ಪ್ರಸಾದ ಹಂಚುತ್ತಾ ಬಂದರು. ಪ್ರತಿಯೊಬ್ಬರೂ ಕಣ್ಣಿಗೆ ಒತ್ತಿಕೊಂಡು ಲಡ್ಡು ತಗೊಂಡು, “ಯಾವಾಗ ಶುರು ಮಾಡಿಸ್ತೀರಾ ಸಾರ್?” ಅಂತ ಕೇಳಿದರಂತೆ. ಮಗಳ ಮದುವೆಯ ತಯಾರಿಯ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡು ಅವರು, “ಆದಷ್ಟು ಬೇಗ, ಎಲ್ಲಾ ನಿಮ್ಮ ಆಶೀರ್ವಾದ” ಅಂತ ಹೇಳಿಕೊಂಡು ಬಂದಿದ್ದರು.

ಆಫೀಸಿಗೆ ಬಂದು ವಿಡಿಯೋ ನೋಡಿದರು. ಬೋಳುತಲೆ ನಿಧಾನವಾಗಿ ಕೆಂಪಾಯಿತು.

“ಎಡಿಟಿಂಗ್ ಅಂತ ಯಾಕಮ್ಮ ಇರೋದು?” ಅಂದರು.

“ವಿಷಯಕ್ಕೆ ಸಂಬಂಧ ಇತ್ತಲ್ಲ ಸಾರ್” ಅಂದ ಶಿವು. ನನ್ನ ನೆನಪಿನಲ್ಲಿ ಅವನು ಮಾಲೀಕರ ಮುಂದೆ ಆಡಿದ ಅತಿ ಉದ್ದದ ಮಾತು ಅದು.

ಗೋವಿಂದಪ್ಪನವರು ಕೆಟ್ಟವರಲ್ಲ. ಕಷ್ಟದಲ್ಲಿ ನನಗೂ ಶಿವುಗೂ ಆದವರು. ಆದರೆ ಆ ಗುಲಾಬಿ ಗಿಡಗಳ ಮುಂದೆ ಅವರಿಗೆ ಯಾರೂ ಕಾಣುತ್ತಿರಲಿಲ್ಲ. ಮಾನ ಉಳಿಸಿಕೊಳ್ಳಲು ಅವರೇ ಒಂದು ಉಪಾಯ ಹೂಡಿದರು. ಲೈವ್ ಚರ್ಚೆ. ಮಾಜಿ ಕಾರ್ಪೊರೇಟರ್, ವಾರ್ಡಿನ ಇಂಜಿನಿಯರ್, ನಡುವೆ ತಾವು. ಚರ್ಚಿಸಿ, ತಾಂತ್ರಿಕ ತೊಂದರೆಗಳಿವೆ ಅಂತ ಇಂಜಿನಿಯರ್ ಬಾಯಲ್ಲಿ ಹೇಳಿಸಿ, ಒಂದು ಸಮಿತಿ ಮಾಡಿ ಮುಗಿಸುವುದು. ಇಷ್ಟನ್ನೂ ನನ್ನ ಮುಂದೆಯೇ ಫೋನಿನಲ್ಲಿ ಮಾತಾಡಿಕೊಂಡರು.

ಚರ್ಚೆಯ ದಿನ ಬೆಳಿಗ್ಗೆ ರತ್ನಮ್ಮ ಕೇಳಿದಳು. “ಏನಮ್ಮ, ನಮ್ ಇಸ್ಯ ಮಾತಾಡ್ತಾರಂತೆ?”

“ಹೂಂ. ಸಮಿತಿ ಮಾಡ್ತಾರಂತೆ.”

“ಅಂಗಂದ್ರೆ?”

“ಇನ್ನೊಂದಷ್ಟು ದಿನ ಮಾತಾಡ್ತಾರೆ ಅಂತ.”

ಅವಳು ಹೂವಿನ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಪಕ್ಕದ ಸೊಪ್ಪಿನವಳ ಹತ್ತಿರ ಏನೋ ಹೇಳಿದಳು. ಸೊಪ್ಪಿನವಳು ತನ್ನ ಪಕ್ಕದವಳ ಕಡೆ ತಿರುಗಿದಳು. ನಾನು ಮೇಲೆ ಹೋದೆ.

ಲೈವ್ ಶುರುವಾಯಿತು. ಮಾಜಿಯವರು, ತಾವು ಅಧಿಕಾರದಲ್ಲಿದ್ದಾಗ ಈ ವಾರ್ಡನ್ನು ಸಿಂಗಪುರ ಮಾಡುವ ಕನಸು ಕಂಡದ್ದನ್ನು ವಿವರಿಸುತ್ತಿದ್ದರು. ಆಗ ಸ್ಟುಡಿಯೋ ಬಾಗಿಲು ತೆರೆದು ರತ್ನಮ್ಮ ಒಳಗೆ ಬಂದಳು. ಸೆರಗು ಸರಿಯಾಗಿ ಹೊದ್ದುಕೊಂಡಿದ್ದಳು, ಮದುವೆಮನೆಗೆ ಬಂದವಳ ಹಾಗೆ. ಅತಿಥಿಗಳ ಹಿಂದಿನಿಂದ, ಕ್ಯಾಮೆರಾದಲ್ಲಿ ಪೂರ್ತಿ ಕಾಣುವಂತೆ ನಡೆದು ಬಾತ್‌ರೂಮಿನ ಕಡೆ ಹೋದಳು.

“ಅಮ್ಮಾ, ಲೈವ್ ಹೋಗ್ತಾ ಇದೆ” ಅಂತ ಪಿಸುಗುಟ್ಟಿದೆ.

“ನಂಗೂ ಓಗ್ಲೇಬೇಕು ಕಣಮ್ಮ” ಅಂದಳು. ಅವಳ ಮಾತು ಮೈಕಿಗೆ ಚೆನ್ನಾಗಿ ಕೇಳಿಸಿತು.

ಅವಳ ಹಿಂದೆ ಸೊಪ್ಪಿನವಳು ಬಂದಳು. ಅವಳ ಹಿಂದೆ ನಿಂಬೆಹಣ್ಣಿನವಳು, ಕಡಲೆಕಾಯಿಯವಳು, ಗೋಡೆಯುದ್ದಕ್ಕೂ ಸಾಲು. ಯಾರೂ ಗಲಾಟೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಒಬ್ಬಳು ಹೊರಗೆ ಬಂದರೆ ಇನ್ನೊಬ್ಬಳು ಒಳಗೆ. ಮಾಜಿಯವರು “ಮಹಿಳೆಯರ ಸಬಲೀಕರಣವೇ ನನ್ನ ಉಸಿರು” ಅನ್ನುವ ಹೊತ್ತಿಗೆ ಸರಿಯಾಗಿ ಫ್ಲಶ್ ಸದ್ದು ಸ್ಟುಡಿಯೋ ತುಂಬಾ ಮೊಳಗಿತು. ಇಂಜಿನಿಯರು ನೀರಿನ ಲೋಟದೊಳಗೆ ಮುಖ ಇಟ್ಟುಕೊಂಡರು. ನಾನು ಶಿವು ಕಡೆ ನೋಡಿದೆ, ಕ್ಯಾಮೆರಾ ಆ ಕಡೆ ತಿರುಗಿಸಬೇಡ ಅಂತ ಸನ್ನೆ ಮಾಡಲು. ಅವನು ಆಗಲೇ ತಿರುಗಿಸಿದ್ದ.

ಗೋವಿಂದಪ್ಪನವರು ಬೆವರು ಒರೆಸಿಕೊಂಡು, ಗಮನ ಬೇರೆಡೆ ಸೆಳೆಯಲು ವೀಕ್ಷಕರ ಫೋನ್ ತಗೊಂಡರು.

“ಹಲೋ, ಯಾರು ಮಾತಾಡ್ತಾ ಇರೋದು? ಎಲ್ಲಿಂದ?”

“ನಿಮ್ಮನೆಯಿಂದ” ಅಂತು ಒಂದು ಹೆಣ್ಣುದನಿ.

ಗೋವಿಂದಪ್ಪನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರ ಮನೆಯವರು ಸರೋಜಮ್ಮ. ನಾನು ಅವರನ್ನು ಆಯುಧಪೂಜೆಗೆ ಬಂದಾಗ ಮಾತ್ರ ಕಂಡಿದ್ದೆ, ಜೋರಾಗಿ ಮಾತಾಡಿದ್ದನ್ನು ಕೇಳಿದವಳಲ್ಲ.

“ರೀ, ನಾನೂ ಟಿವಿ ನೋಡ್ತಾ ಇದೀನಿ. ಆ ಹೆಂಗಸ್ರು ನಿಂತಿರೋದು ನೋಡೋಕಾಗ್ತಿಲ್ಲ. ತಿರುಪತಿ ಕ್ಯೂನಲ್ಲಿ ನಂಗೆ ಎಷ್ಟು ಕಷ್ಟ ಆಯ್ತು ಅಂತ ನಿಮಗೇ ಗೊತ್ತು. ಅಲ್ಲಿ ನೀವೇ ಹೋಗಿ ಅವ್ರನ್ನ ಇವ್ರನ್ನ ಕೇಳಿ, ಬೇಡ್ಕೊಂಡು ನನ್ನ ಕರ್ಕೊಂಡು ಹೋದ್ರಿ. ಇವ್ರಿಗೆ ಯಾರು ಕೇಳ್ತಾರೆ? ಗುಲಾಬಿ ಕುಂಡ ಮನೆಗೆ ತನ್ನಿ, ಮಹಡಿ ಮೇಲೆ ಇಟ್ಕೊಳೋಣ. ಆ ಜಾಗ ಬಿಟ್ಬಿಡಿ.”

ಗೋಡೆಗೆ ಒರಗಿ ನಿಂತಿದ್ದ ಹೆಂಗಸರು ಮೇಲಿನ ಸ್ಪೀಕರ್ ಕಡೆಗೇ ನೋಡುತ್ತಿದ್ದರು. ಗೋವಿಂದಪ್ಪನವರು ಬೋಳುತಲೆ ಸವರಿಕೊಂಡರು. ಆಮೇಲೆ ಇಂಜಿನಿಯರ ಕಡೆ ತಿರುಗಿ, “ಅಲ್ಲಿ ಕಟ್ಟೋಕೆ ತಾಂತ್ರಿಕ ತೊಂದರೆ ಏನಾದ್ರೂ ಇದೆಯಾ ಸಾರ್?” ಅಂದರು.

ಇಂಜಿನಿಯರು ಸಿಕ್ಕಿಹಾಕಿಕೊಂಡರು, ಪಾಪ. ಮೊದಲು ಹೇಳಿಕೊಟ್ಟಿದ್ದು ಒಂದು, ಈಗ ಕೇಳುತ್ತಿರುವ ಧ್ವನಿಯೇ ಬೇರೆ. “ಇದೆ... ಅಂದ್ರೆ, ಇಲ್ಲ” ಅಂದರು.

“ನಾನು ಮೊದಲಿನಿಂದಲೂ ಅದೇ ಜಾಗ ಹೇಳ್ತಾ ಇದ್ದೆ” ಅಂದರು ಮಾಜಿಯವರು.

ಕಟ್ಟಲು ಹಿಡಿದ ಕಾಲ ಬೇಸರದ ಕಥೆ, ಬಿಡಿ. ಒಮ್ಮೆ ಮರಳು ಬರಲಿಲ್ಲ, ಒಮ್ಮೆ ಕಂಟ್ರಾಕ್ಟರು ಬರಲಿಲ್ಲ. ಪ್ರತಿ ಸಲ ಕೆಲಸ ನಿಂತಾಗಲೂ ಗೋವಿಂದಪ್ಪನವರೇ ಫೋನ್ ಮಾಡಿ ರೇಗುತ್ತಿದ್ದರು. ಜಾಗ ಬಿಟ್ಟುಕೊಟ್ಟ ಮೇಲೆ ಅದು ಅವರ ಶೌಚಾಲಯವೇ ಆಗಿಹೋಯಿತು. ಟೈಲ್ಸ್ ಬಣ್ಣದ ಬಗ್ಗೆ ಮೇಸ್ತ್ರಿ ಜೊತೆ ಜಗಳ ಆಡಿದರು. ನಂಜುಂಡಪ್ಪನವರು ದಿನಾ ಬಂದು ಒಂದು ದಿನ ಬಾಗಿಲು ಪೂರ್ವಕ್ಕಿರಲಿ ಅಂದರು, ಮಾರನೇ ದಿನ ಪಶ್ಚಿಮಕ್ಕೆ ಅಂದರು.

ನನ್ನ ನಿವೃತ್ತಿಗೆ ಸ್ವಲ್ಪ ದಿನ ಮುಂಚೆ ಉದ್ಘಾಟನೆ ಆಯಿತು. ಬಾಗಿಲಿಗೆ ಅಡ್ಡಲಾಗಿ ಕೆಂಪು ಟೇಪು, ಮುಂದೆ ಶಾಮಿಯಾನ, ಹಾರಗಳು. ಹಾರದ ಹೂವೆಲ್ಲ ರತ್ನಮ್ಮನ ಬುಟ್ಟಿಯದೇ. ಭಾಷಣ ಬೆಳೆಯಿತು. ಮಾಜಿಯವರು ಮಾತಾಡಿದರು, ಬರಲಿರುವ ಚುನಾವಣೆಗೆ ನಿಲ್ಲುವ ಆಸೆಯಿದ್ದ ಇನ್ನಿಬ್ಬರು ಮಾತಾಡಿದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಮಾತಾಡಿದಳು. ಬಿಸಿಲು ನೆತ್ತಿಗೆ ಬಂತು. ಹೆಂಗಸರು ಹಿಂದೆ ನಿಂತು ಕಾಲು ಬದಲಾಯಿಸುತ್ತಿದ್ದರು.

ರತ್ನಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವೇದಿಕೆಯ ಪಕ್ಕದಿಂದ ನಡೆದು ಹೋಗಿ, ತಲೆ ಬಗ್ಗಿಸಿ, ಟೇಪಿನ ಕೆಳಗೆ ನುಸುಳಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದಾಯಿತು. ಭಾಷಣ ನಿಂತಿತು. ಕತ್ತರಿ ಇಟ್ಟಿದ್ದ ತಟ್ಟೆ ಹಿಡಿದವರು ಅಲ್ಲೇ ನಿಂತರು. ಗೋವಿಂದಪ್ಪನವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ.

ಅವಳು ಹೊರಗೆ ಬಂದಾಗ ನಾನು ಮೈಕ್ ಹಿಡಿದೆ. “ಹೇಗಿದೆ ರತ್ನಮ್ಮ?”

ಅವಳು ಕೈಯೊರೆಸಿಕೊಂಡು ಯೋಚಿಸಿದಳು. “ನೀರು ಬತ್ತದೆ. ಚಿಲ್ಕ ಗಟ್ಟಿಯಾಗೈತೆ. ಆದ್ರೆ ಲೈಟಿನ ಸ್ವಿಚ್ಚು ಯಾಕೆ ಒರಗಡೆ ಇಟ್ಟವ್ರೆ? ದಾರೀಲಿ ಓಗೋ ಯಾವನಾದ್ರೂ ಆರಿಸ್ಬಿಟ್ರೆ ಒಳಗಿರೋರು ಏನ್ ಮಾಡ್ಬೇಕು?”

ಇಂಜಿನಿಯರು ಹತ್ತಿರ ಬಂದು ನೋಡಿದರು. ಹೌದು, ಸ್ವಿಚ್ ಹೊರಗಿತ್ತು. ಇಷ್ಟು ಜನರ ಅಭಿಪ್ರಾಯದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. “ಮುಂದಿನ ವಾರ ಬದಲಾಯಿಸ್ತೀವಮ್ಮ” ಅಂದರು.

“ಮಾಡ್ಸಿ” ಅಂದಳು ರತ್ನಮ್ಮ. ನನ್ನ ಮುಖ ನೋಡಿದಳು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ಸ್ವಿಚ್ಚಿಗೆ ಬೆನ್ನು ಕೊಟ್ಟು ಗೋಡೆಗೆ ಒರಗಿ ನಿಂತಳು.

“ನೀನು ಓಗ್ಬಾ ಓಗಮ್ಮ. ನಾನ್ ಇಲ್ಲೇ ನಿಂತಿರ್ತೀನಿ.”

ಮೈಕನ್ನು ಶಿವು ಕೈಗೆ ಕೊಟ್ಟು, ಟೇಪಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋದೆ.